ಒಲೆ ಟೀಚರ್ ತಂದ ನಿರ್ಣಯ

ಅವರ ಕಣ್ಣುಗಳಿಗೆ ರೆಪ್ಪೆಗೂದಲೇ ಇರಲಿಲ್ಲ. ಹುಡುಗಿಯಾಗಿದ್ದಾಗ ಒದ್ದೆ ಕಟ್ಟಿಗೆ ಊದುತ್ತಿದ್ದರಂತೆ. ಬೆಂಕಿ ಒಮ್ಮೆಲೇ ಭಗ್ಗೆಂದು ಮುಖಕ್ಕೆ ಬಂತಂತೆ. ಸುಟ್ಟದ್ದು ಮತ್ತೆ ಬೆಳೆಯಲಿಲ್ಲ. ಹೊಸಬರಿಗೆ ಅವರು ತಮ್ಮನ್ನೇ ದಿಟ್ಟಿಸುತ್ತಿದ್ದಾರೆ ಅನಿಸುತ್ತಿತ್ತು. ಮಂಡಲ ಪಂಚಾಯತಿಯ ಮೊದಲ ಸಭೆಯಲ್ಲಿ ಅವರ ಪಕ್ಕ ಕೂತ ನಾನೂ ಎರಡೆರಡು ಸಲ ಸೆರಗು ಸರಿಮಾಡಿಕೊಂಡಿದ್ದೆ.

ಎಂಬತ್ತರ ದಶಕದ ಕೊನೆಯ ವರ್ಷಗಳವು. ಹೆಂಗಸರಿಗೆ ಮೀಸಲಾತಿ ಬಂದು ನಾವು ನಾಲ್ವರು ಸದಸ್ಯೆಯರಾಗಿದ್ದೆವು. ಟೀಚರ್ ನೆಲ್ಯಾಡಿ ಕಡೆಯವರು, ಮನೆಮಾತು ಮಲಯಾಳಂ, ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಪುತ್ತೂರಿನ ತರಬೇತಿಯೊಂದರಲ್ಲಿ ಹೊಗೆಯಿಲ್ಲದ ಒಲೆ ಕಟ್ಟಲು ಕಲಿತ ಮೇಲೆ ಊರಿಗೆಲ್ಲ ಒಲೆ ಟೀಚರ್ ಆದರು. ನಾನು ಇಪ್ಪತ್ತಾರರ ಸೊಸೆ. ಮಾವ ಚುನಾವಣೆಗೆ ನಿಲ್ಲು ಎಂದರು, ನಿಂತಿದ್ದೆ.

ನಮ್ಮ ಮನೆಗೂ ಅವರೇ ಒಲೆ ಕಟ್ಟಿಕೊಟ್ಟರು. ಎರಡು ದಿನ ಮಣ್ಣು ತುಳಿದರು, ಗೋಡೆಯಲ್ಲಿ ತೂತು ಮಾಡಿಸಿ ಕೊಳವೆ ಕೂರಿಸಿದರು. ಕಾಫಿ ಕೊಟ್ಟರೆ, "ಈಗ ಬೇಡ ಮಾರಾಯ್ತಿ, ಕೈ ತೊಳೆದ್ರೆ ಮಣ್ಣು ಒಣಗ್ತದೆ" ಎನ್ನುತ್ತಿದ್ದರು. ತಿಂಗಳೊಳಗೆ ಅತ್ತೆಯ ಬೆಳಗಿನ ಕೆಮ್ಮು ಕಡಿಮೆಯಾಯಿತು. ಕಟ್ಟಿಗೆಯೂ ಮೊದಲಿನ ಅರ್ಧ ಸಾಕಾಗುತ್ತಿತ್ತು.

ಆ ವರ್ಷ ಮಂಡಲದಿಂದ ಕಾಲೊನಿಯಲ್ಲಿ ಹನ್ನೆರಡು ಮನೆ ಕಟ್ಟುವುದಿತ್ತು. ಪ್ರತಿಯೊಂದು ಮನೆಗೂ ಕೊಳವೆಯ ಒಲೆ ಕಡ್ಡಾಯ ಮಾಡಬೇಕೆಂದು ಟೀಚರ್ ನಿರ್ಣಯ ತಂದರು.

ಸಭೆಯಲ್ಲಿ ಗಲಾಟೆಯೋ ಗಲಾಟೆ. "ಯಾರ ಮನೆಯಲ್ಲಿ ಎಂತ ಒಲೆ ಇರಬೇಕು ಅಂತ ಪಂಚಾಯತಿ ಹೇಳುದಾ? ನಾಳೆ ಸಾರಿಗೆ ಉಪ್ಪು ಎಷ್ಟು ಅಂತಲೂ ಕಾನೂನು ಮಾಡ್ತೀರಾ?" ಎಂದು ಒಬ್ಬರು ಎದ್ದರು. ಇನ್ನೊಬ್ಬ ಹಿರಿಯರು, "ಹೊಗೆ ಇಲ್ಲದಿದ್ರೆ ಮಾಡಿನ ಮರಕ್ಕೆ ಹುಳ ಹಿಡೀತದೆ ಟೀಚರೇ" ಎಂದರು. ಅದು ಸುಳ್ಳೇನೂ ಅಲ್ಲ, ಹೊಗೆ ತಾಗುವ ಸೂರಿನ ಮರಕ್ಕೆ ಹುಳ ಬರುವುದಿಲ್ಲ.

ಟೀಚರ್ ಕೂತಲ್ಲಿಂದಲೇ ಹೇಳಿದರು: "ಮರಕ್ಕೆ ಹುಳ ಹಿಡಿದ್ರೆ ಎಣ್ಣೆ ಹಾಕುವ. ಹೆಂಗಸಿನ ಎದೆಗೆ ಎಂತ ಹಾಕುದು?"

ಮುಂದಿನ ವಾರ ಪಂಚಾಯತಿ ಅಂಗಳದಲ್ಲಿ ಹಳೆಯ ನಮೂನೆಯದೊಂದು, ಹೊಸತೊಂದು ಒಲೆ ಕಟ್ಟಿದರು. ಎರಡರ ಮೇಲೂ ಅಷ್ಟಷ್ಟೇ ಕುಚ್ಚಲಕ್ಕಿ ಇಟ್ಟು, ಕಟ್ಟಿಗೆಯನ್ನು ರೇಷನ್ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದರು. ಹಳೆಯ ಒಲೆಯ ಕಟ್ಟಿಗೆ ಮುಗಿದು ಮತ್ತೆ ತರಬೇಕಾಯಿತು. ಹೊಸ ಒಲೆಯ ಅನ್ನ ಬೆಂದಾಗ ಪಕ್ಕದಲ್ಲಿ ಇನ್ನೂ ಒಂದು ಕಟ್ಟು ಉಳಿದಿತ್ತು. ಮಂಡಲದ ಅಧ್ಯಕ್ಷರಾದ ಪ್ರಧಾನರು ಗಂಜಿ ಉಂಡು "ಲಾಯ್ಕುಂಟು" ಎಂದರು. ನಾವು ಗೆದ್ದೆವೆಂದೇ ನಾನು ತಿಳಿದೆ.

ಮತ ಹಾಕುವ ದಿನ ಬೆಳಿಗ್ಗೆ ಮಾವ ಜಗಲಿಯಲ್ಲಿ ನಿಲ್ಲಿಸಿ ಹೇಳಿದರು: "ಅದು ಎದುರು ಪಕ್ಷದವರ ಒಲೆ. ಪ್ರಧಾನರಿಗೆ ಮಾತು ಕೊಟ್ಟಾಗಿದೆ. ನೀನು ಕೈ ಎತ್ತುದು ಬೇಡ." ಹಾಗೆ ಹೇಳಿದವರು ಆ ಹೊತ್ತಿಗೆ ಕುಡಿಯುತ್ತಿದ್ದ ಕಾಫಿ ಟೀಚರ್ ಕಟ್ಟಿದ ಒಲೆಯಲ್ಲೇ ಕಾದದ್ದು. ನಾನು "ಆಯ್ತು ಮಾವ" ಎಂದೆ.

ಪರವಾಗಿ ಏಳು ಕೈ ಎದ್ದವು. ಉಳಿದ ಸದಸ್ಯೆಯರಿಬ್ಬರೂ ಎತ್ತಿದರು. ವಿರುದ್ಧವಾಗಿ ಏಳು. ನಾನು ಎರಡು ಸಲವೂ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಸರಿಸಮವಾದಾಗ ಪ್ರಧಾನರು ತಮ್ಮ ಮತವನ್ನು ವಿರುದ್ಧ ಹಾಕಿದರು. ನಿರ್ಣಯ ಬಿತ್ತು. ಟೀಚರ್ ನನ್ನ ಕಡೆಗೆ ತಿರುಗಲಿಲ್ಲ.

ಬಸ್ಸಿಗೆ ಕಾಯುವಾಗ ಬೈಯುತ್ತಾರೆಂದು ಹೆದರಿ ದೂರ ನಿಂತಿದ್ದೆ. ಅವರೇ ಹತ್ತಿರ ಬಂದರು. "ನಿನ್ನ ಕೊಳವೆಯ ಮಸಿ ತೆಗೆದಿದ್ದೀಯಾ? ತಿಂಗಳಿಗೊಮ್ಮೆ ತೆಗೀಬೇಕು. ಇಲ್ಲದಿದ್ರೆ ಹೊಗೆ ವಾಪಸ್ ಬರ್ತದೆ" ಎಂದರು. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆನೇನೋ.

ಹನ್ನೆರಡು ಮನೆಗಳೂ ಕೊಳವೆಗೆ ತೂತಿಲ್ಲದೆ ಎದ್ದವು. ಟೀಚರ್ ಸುಮ್ಮನಾಗಲಿಲ್ಲ. ಬುಟ್ಟಿಯಲ್ಲಿ ಮಣ್ಣು ಹೊತ್ತು ಒಂದೊಂದೇ ಮನೆಗೆ ಹೋಗಿ ಕೇಳಿದರು. ಹೊಸ ಗೋಡೆ ಒಡೆಯಲು ಗಂಡಸರು ಒಪ್ಪಲಿಲ್ಲ. ಮೂರು ಮನೆಗಳಲ್ಲಿ ಮಾತ್ರ ಒಲೆ ಎದ್ದಿತು. ನಾನೂ ಬರುತ್ತೇನೆ ಎನ್ನಬೇಕೆಂದು ಎಷ್ಟೋ ಸಲ ನಾಲಿಗೆ ತುದಿಗೆ ಬಂದಿತ್ತು.

ಮರುವರ್ಷ ಜ್ವರ ತಲೆಗೇರಿ ಅವರು ತೀರಿಕೊಂಡರು. ಸುದ್ದಿ ತಿಳಿದು ಹೋದಾಗ ಅಂಗಳದಲ್ಲಿ ಕಾಲೊನಿಯ ಹೆಂಗಸರು ಕೂತಿದ್ದರು. ಒಬ್ಬಳು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣು ಕೆಂಪಾಗಿದ್ದದ್ದು ಅತ್ತಿದ್ದಕ್ಕೋ, ಹೊಗೆಗೋ ತಿಳಿಯಲಿಲ್ಲ.

"ಟೀಚರ್ ಯಾವಾಗಲೂ ಹೇಳ್ತಿದ್ರು ಅಕ್ಕ," ಎಂದಳು, "ಪಂಚಾಯತಿಯಲ್ಲಿ ಗಂಡಸರು ಕೈಬಿಟ್ರೂ ಹೆಂಗಸರು ನಾಲ್ಕೂ ಜನ ನಮಗೆ ಕೈ ಎತ್ತಿದ್ರಂತೆ. ನೀವೂ ಎತ್ತಿದ್ರಂತೆ."

ಅಲ್ಲ ಎನ್ನಬೇಕಿತ್ತು. ಅಲ್ಲಿಯೂ ನಾನು ಸುಮ್ಮನೆ ನಿಂತೆ.