ಕಮಲಮ್ಮನ ನಾಲ್ಕನೇ ಗೇರು

ಕಮಲಮ್ಮ ಕಾರು ಕಲಿತದ್ದು ನಲವತ್ತು ದಾಟಿದ ಮೇಲೆ. ಗಂಡ ಆಂಜಿನಯ್ಯ ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಫಿಯೆಟ್ ತಂದು, ಮೊದಲ ದಿನವೇ ಅದನ್ನು ಹಾಲಿನ ಬೂತಿಗೆ ಗುದ್ದಿ, ಇನ್ನು ಸ್ಟೇರಿಂಗ್ ಮುಟ್ಟುವುದಿಲ್ಲವೆಂದು ಆಣೆ ಮಾಡಿದ್ದರು. ಅಂದಿನಿಂದ ಓಕಳಿಪುರಂನ ಮನೆಯಿಂದ ಮಲ್ಲೇಶ್ವರದ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಕೆಯೇ ಅದನ್ನು ಓಡಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಎಮ್ಮೆ, ಜಟಕಾ, ಸೈಕಲ್ಲುಗಳ ನಡುವೆ ಆರು ವರ್ಷದಲ್ಲಿ ಒಮ್ಮೆಯೂ ನಾಲ್ಕನೇ ಗೇರು ಹಾಕುವ ಯೋಗ ಬಂದಿರಲಿಲ್ಲ.

ಎಪ್ಪತ್ತೆಂಟರಲ್ಲಿ ಮೆಕ್ಯಾನಿಕ್ ಬೈರಯ್ಯ ಒಂದು ಸುದ್ದಿ ತಂದ. ಊರಾಚೆ, ಹಿಂದೆ ವಿಮಾನ ಇಳಿಯುತ್ತಿದ್ದ ಹಳೇ ರನ್‌ವೇಯಲ್ಲಿ ಕಾರು ಕ್ಲಬ್ಬಿನವರು ಭಾನುವಾರ ಯಾರು ಬೇಕಾದರೂ ಸ್ವಂತ ಗಾಡಿ ಓಡಿಸಲು ಬಿಡುತ್ತಾರಂತೆ. ರೇಸಲ್ಲ, ಅಭ್ಯಾಸ.

"ಅಲ್ಲಿ ನಾಲ್ಕನೇ ಗೇರ್ ಹಾಕ್ಬಹುದಾ?" ಎಂದರು ಕಮಲಮ್ಮ.

"ಅದಕ್ಕೇ ಅಲ್ವಾ ಅಕ್ಕ ಹೋಗೋದು!"

ಆಂಜಿನಯ್ಯನವರು ಎರಡು ದಿನ ಮಾತು ಬಿಟ್ಟರು. ಕಮಲಮ್ಮನಿಗೆ ಅಡುಗೆಮನೆಯಲ್ಲಿ ಅಷ್ಟರಮಟ್ಟಿಗೆ ನೆಮ್ಮದಿಯಾಯಿತು.

ಶನಿವಾರ ಬೈರಯ್ಯ ಬ್ರೇಕ್ ಆಯಿಲ್ ಬದಲಾಯಿಸಿ, ಬ್ಯಾಟರಿ ಬಿಗಿದು, ಟೈರಿಗೆ ಗಾಳಿ ನೋಡಿ, ಡ್ರೈವರ್ ಸೀಟಿಗೊಂದು ಬೆಲ್ಟು ಕೂರಿಸಿದ. ಒಡೆದರೆ ಗಾಜು ಚೆಲ್ಲಾಡದಿರಲೆಂದು ಲೈಟಿಗೆ ಪ್ಲಾಸ್ಟರು ಅಂಟಿಸಿದ. "ಒಳಗೆ ಅಲ್ಲಾಡೋ ಸಾಮಾನು ಒಂದೂ ಇರ್ಬಾರ್ದು" ಎಂದು ಸೀಟು ಎತ್ತಿದರೆ, ಒಂಟಿ ಚಪ್ಪಲಿ, ಮುರಿದ ಛತ್ರಿ, ಮೊಳಕೆ ಬಂದ ಆಲೂಗಡ್ಡೆ, ಕೊನೆಗೆ ಆಂಜಿನಯ್ಯನವರ ಕನ್ನಡಕ. ಅದನ್ನು ಹೆಂಡತಿಯೇ ಕಳೆದಳೆಂದು ಅವರು ಎರಡು ವರ್ಷ ದೂರಿದ್ದರು. ಈಗ ಸುಮ್ಮನೆ ಒರೆಸಿ ಮೂಗಿನ ಮೇಲಿಟ್ಟುಕೊಂಡು, "ನಾಳೆ ನಾನೂ ಬರ್ತೀನಿ" ಎಂದರು.

ಭಾನುವಾರ ಕಮಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡನ ಕ್ಯಾನ್ವಾಸ್ ಶೂ ಹಾಕಿಕೊಂಡರು. ಪಕ್ಕದ ಮನೆಯವರ ಸ್ಕೂಟರಿನ ಹೆಲ್ಮೆಟ್ಟು ತುರುಬಿನ ಮೇಲೆ ಇಳಿಯಲಿಲ್ಲ. ತುರುಬು ಬಿಚ್ಚಿ ಜಡೆ ಹಾಕಬೇಕಾಯಿತು.

ಕ್ಲಬ್ಬಿನವರು ನಿಯಮ ಹೇಳಿದರು. ಮೊದಲ ಸುತ್ತು ನಿಧಾನ. ತಿರುವಿನ ಮೊದಲೇ ಬ್ರೇಕು, ತಿರುವಿನೊಳಗಲ್ಲ. ಹಿಂದಿನವರಿಗೆ ದಾರಿ ಬಿಡುವುದಾದರೆ ನೇರ ದಾರಿಯಲ್ಲಿ ಕೈ ತೋರಿಸಿ. ಕೆಂಪು ಬಾವುಟ ಕಂಡರೆ ವಾಪಸ್. ಆಂಜಿನಯ್ಯನವರು ಹೊರಗೆ ನೋಡುವವರ ಸಾಲಿನಲ್ಲಿ ನಿಂತರು.

ಕಮಲಮ್ಮ ಎಲ್ಲವನ್ನೂ ಪಾಲಿಸಿದರು. ಜೊತೆಗೆ ಪ್ರತಿ ತಿರುವಿನಲ್ಲೂ ಹಾರನ್ ಹೊಡೆದರು. ಬಾವುಟದವನು ನಿಲ್ಲಿಸಿದ.

"ಅಮ್ಮಾ, ಹಾರನ್ ಹೊಡೀಬೇಡಿ."

"ಎದುರಿಗೆ ಯಾರಾದ್ರೂ ಬಂದ್ಬಿಟ್ರೆ?"

"ಯಾರೂ ಬರಲ್ಲಮ್ಮ. ಎಲ್ಲಾರೂ ಒಂದೇ ಕಡೆ ಹೋಗೋದು."

ಇಂಥದೊಂದು ರಸ್ತೆ ಭೂಮಿ ಮೇಲಿದೆಯೆಂದು ಕಮಲಮ್ಮನಿಗೆ ಗೊತ್ತಿರಲಿಲ್ಲ. ನೇರ ದಾರಿ ಸಿಕ್ಕಿದೊಡನೆ ಮೂರರಿಂದ ನಾಲ್ಕಕ್ಕೆ ಹಾಕಿದರು. ಇಂಜಿನ್ನಿನ ಗಲಾಟೆ ಥಟ್ಟನೆ ತಗ್ಗಿ, ಗಾಡಿ ತೇಲಿದಂತಾಯಿತು. ಮುಳ್ಳು ಎಂಬತ್ತು ಮುಟ್ಟಿತು. ಹೆಲ್ಮೆಟ್ಟಿನೊಳಗೆ ತಾವು ನಗುತ್ತಿರುವುದು ತಮಗೇ ಕೇಳಿಸಿತು.

ಕೆಂಪು ಕಾರಿನ ಯುವಕನೊಬ್ಬ ಬೆನ್ನು ಹತ್ತಿದ. ಕಮಲಮ್ಮ ಕೈ ತೋರಿಸಿ ದಾರಿ ಬಿಟ್ಟರು. ಐದನೇ ಸುತ್ತಿನಲ್ಲಿ ಬ್ರೇಕ್ ಪೆಡಲು ಬೆಣ್ಣೆಯಂತೆ ಮೆತ್ತಗಾಯಿತು. "ಹಂಗಾದ್ರೆ ಬ್ರೇಕ್ ಕಾದಿದೆ ಅಂತ ಅರ್ಥ, ಹಟ ಮಾಡ್ಬೇಡಿ" ಎಂದು ಬೈರಯ್ಯ ಹೇಳಿದ್ದ. ಗೇರು ಇಳಿಸುತ್ತಾ, ಅಂಚಿಗೆ ಸರಿದು ಮೆಲ್ಲಗೆ ಹೊರಬಂದರು. ಅಷ್ಟರಲ್ಲಿ ಮುಂದಿದ್ದ ಯುವಕ ತಿರುವಿನೊಳಗೆ ಬ್ರೇಕ್ ತುಳಿದು, ಬುಗುರಿಯಂತೆ ಸುತ್ತಿ ಅಂಚಿಗೆ ತಡೆಯಾಗಿ ಒಟ್ಟಿದ್ದ ಹುಲ್ಲಿನ ಪಿಂಡಿಗಳಲ್ಲಿ ಕೂತ. ಪೆಟ್ಟಾಗಲಿಲ್ಲ. ಹೆಲ್ಮೆಟ್ಟಿನ ತುಂಬಾ ಹುಲ್ಲು.

"ಕಾದ ಬ್ರೇಕಿಗೆ ಹ್ಯಾಂಡ್‌ಬ್ರೇಕ್ ಎಳೀಬಾರ್ದು, ಚಕ್ರಕ್ಕೆ ಕಲ್ಲು ಕೊಡ್ರೀ!" ಎಂದು ಕಮಲಮ್ಮ ಕೂಗಿದರು. ಆಂಜಿನಯ್ಯನವರು ಗಾಬರಿಯಲ್ಲಿ ಎತ್ತಲಾಗದಷ್ಟು ದೊಡ್ಡ ಕಲ್ಲನ್ನೇ ತಬ್ಬಿಕೊಂಡು ಬಂದರು.

ಸಂಜೆ ಮನೆ ಮುಂದೆ ಅಕ್ಕಪಕ್ಕದವರು ಸೇರಿದರು. "ತಿರುವಿನ ಮೊದಲೇ ಬ್ರೇಕು ಹಾಕ್ಬೇಕು ಸ್ವಾಮಿ, ಒಳಗಲ್ಲ" ಎಂದು ಆಂಜಿನಯ್ಯನವರು ಕೈ ತಿರುಗಿಸಿ ವಿವರಿಸುತ್ತಿದ್ದರು. "ಎಂಬತ್ತರಲ್ಲಿ ಹೋಗ್ತಾ ಇದ್ವಿ, ನೋಡಿ..."

ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಕಮಲಮ್ಮನಿಗೆ ಆ 'ಇದ್ವಿ' ಚೆನ್ನಾಗಿಯೇ ಕೇಳಿಸಿತು. ಪಾಪ, ಹೇಳಿಕೊಳ್ಳಲಿ ಎಂದುಕೊಂಡು ಇಂಗು ಹಾಕಿದರು.