ಗೇಟು ಎತ್ತಿದಾಗ ತಪ್ಪುತ್ತಿದ್ದ ಲೆಕ್ಕ

ನನ್ನ ಮೇಜಿನ ಮುಂದೆ ಕೂತು ಒಂದು ಸಾಲು ಬರೆಯಬೇಕಿದ್ದರೂ ಭೀಮಬಾಯಿ ಮೇಡಂ ಮೊದಲು ನನ್ನ ಕನ್ನಡಕ, ಪೆನ್ನು, ಅರ್ಧ ಕುಡಿದಿಟ್ಟ ಚಹಾದ ಕಪ್ಪು ಎಲ್ಲವನ್ನೂ ಎತ್ತಿ ಕಿಟಕಿಯಲ್ಲಿಡುತ್ತಿದ್ದರು. ಏಳುವಾಗ ಒಂದೊಂದನ್ನೂ ಇದ್ದಲ್ಲಿಗೆ, ಇದ್ದಂತೆಯೇ. "ಆ ಕಪ್ಪು ತೊಳೆಯಾಕ ಹಾಕಬಾರದೇನ್ರಿ?" ಎಂದು ರೇಗಿಸಿದರೆ, "ನಿಮ್ಮ ಹೊಲಸು ನಿಮ್ಮದರಿ ಸರ್, ಅದನ್ನ ಬದಲ್ ಮಾಡಾಕ ನಾ ಯಾರು?" ಎನ್ನುತ್ತಿದ್ದರು.

ಶಹಾಪುರದ ಕಾಲೇಜಿನಲ್ಲಿ ನಾನು ಗಣಿತ ಹೇಳುತ್ತಿದ್ದೆ, ಅವರು ಕಂಪ್ಯೂಟರ್. ಸುರಪುರದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಎಂದರೆ ಅವರಿಗೆ ಪ್ರಾಣ. ಪ್ರೊಸೆಸರಿನಲ್ಲಿ ದಶಮಾಂಶದ ಲೆಕ್ಕಕ್ಕೆಂದೇ ಬೇರೆ ರಿಜಿಸ್ಟರುಗಳು, ಅಂದರೆ ಅಂಕಿಗಳನ್ನಿಡುವ ಪುಟ್ಟ ಖಾನೆಗಳು, ಇರುತ್ತವೆ. ಒಂದು ಪ್ರೋಗ್ರಾಂ ಅಲ್ಲಿ ಲೆಕ್ಕ ಮಾಡುತ್ತಿರುವಾಗ ಕರ್ನಲ್ ನಡುವೆ ನುಗ್ಗಿ, ಅಲ್ಲಿದ್ದದ್ದನ್ನು ಎತ್ತಿಡದೆ ಅವನ್ನೇ ಬಳಸಿದರೆ, ಪ್ರೋಗ್ರಾಮಿನ ಅರ್ಧ ಲೆಕ್ಕ ಅಳಿಸಿಹೋಗುತ್ತದೆ. ಇದನ್ನು ಹೇಳುವಾಗ ಅವರ ದನಿ ಪಕ್ಕದ ಕೋಣೆಯ ನನ್ನ ತ್ರಿಕೋನಮಿತಿಯನ್ನೂ ಮುಳುಗಿಸುತ್ತಿತ್ತು. "ಮಂದಿ ಒಲಿ ಮ್ಯಾಲ ರೊಟ್ಟಿ ಮಾಡಾಕ ಹೋದ್ರ ಮೊದಲು ಅವರ ಗಡಗಿ ಇಳಿಸಿ ಇಡ್ತೀರಿಲ್ಲೋ? ಬರೋವಾಗ ಮತ್ತ ಏರಿಸಿ ಬರ್ರಿ. ಇಲ್ಲಂದ್ರ ಆ ಒಲಿ ಮುಟ್ಟಬ್ಯಾಡ್ರಿ!"

ಕಾಲುವೆ ನೀರು ಬಂದ ಮೇಲೆ ಯಾರಿಗೆ ಎಷ್ಟು ಹರಿಯಿತೆಂಬ ಜಗಳ ಮುಗಿಯುತ್ತಿರಲಿಲ್ಲ. ಹುಣಸಗಿ ಕಡೆಯ ರೈತರ ಸಂಘವೊಂದಕ್ಕೆ ಮೇಡಂ ಎರಡು ವರ್ಷ ಕೂತು ನೀರು ಅಳೆಯುವ ಒಂದು ಯಂತ್ರ ಮಾಡಿಕೊಟ್ಟರು. ಕಾಲುವೆ ನೀರಿನ ಮೇಲೊಂದು ಟೊಳ್ಳು ಬುರುಡೆ ತೇಲುತ್ತಿತ್ತು. ನೀರು ಏರಿಳಿದಂತೆ ಅದಕ್ಕೆ ಕಟ್ಟಿದ ಗಾಲಿ ತಿರುಗಿ ಯಂತ್ರದೊಳಗಿನ ಕಂಪ್ಯೂಟರಿನ ಕರ್ನಲ್ಲಿಗೆ ಸುದ್ದಿ ಮುಟ್ಟಿಸುತ್ತಿತ್ತು. ಹರಿದ ನೀರೆಷ್ಟು ಎಂಬುದನ್ನು ಇನ್ನೊಂದು ಪ್ರೋಗ್ರಾಂ ಲೆಕ್ಕ ಹಾಕುತ್ತಿತ್ತು.

ಕೆಲವು ತಿಂಗಳಲ್ಲೇ ಲೆಕ್ಕ ಆಗಾಗ ಹುಚ್ಚುಚ್ಚಾಗಿ ಬರತೊಡಗಿತು. ಅದೂ ಕಾಲುವೆಯ ಗೇಟು ಎತ್ತುವಾಗ ಮಾತ್ರ. ಆಗ ಅಲ್ಲಿ ಇರುತ್ತಿದ್ದವನು ಗೇಟು ಎತ್ತಿ ಇಳಿಸುವ ಸಂಘದ ಆಳು ಮರೆಪ್ಪನೊಬ್ಬನೇ. ತನ್ನವರ ಹೊಲಕ್ಕೆ ಕದ್ದು ಬಿಟ್ಟ ನೀರು ಲೆಕ್ಕಕ್ಕೆ ಸಿಗದಿರಲೆಂದು ಅವನೇ ಬುರುಡೆ ಜಗ್ಗುತ್ತಾನೆಂದು ಊರೆಲ್ಲ ಆಡಿಕೊಂಡಿತು. ಮುಂದಿನ ಸಭೆಯಲ್ಲಿ ಅವನನ್ನು ಕೆಲಸದಿಂದ ತೆಗೆಯುವುದೆಂದು ಸಂಘ ತೀರ್ಮಾನಿಸಿತು.

ಸುದ್ದಿ ಕೇಳಿದ ಮೇಡಂ ಅಂಥದೇ ಇನ್ನೊಂದು ಗಾಲಿಯನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ಜೋಡಿಸಿ ಕೈಯಿಂದ ಗರಗರ ತಿರುಗಿಸಿದರು. ನೀರೂ ಇಲ್ಲ, ಮರೆಪ್ಪನೂ ಇಲ್ಲ; ಲೆಕ್ಕ ಮಾತ್ರ ತಪ್ಪಿತು. ತಾವು ಬರೆದದ್ದನ್ನು ತೆಗೆದು ಓದಿದವರು ತಲೆಯ ಮೇಲೆ ಕೈಹೊತ್ತು ಕೂತರು.

"ನಂದೇ ತಪ್ಪರಿ ಸರ್. ಗಾಲಿ ತಿರುಗಿದಾಗ ಕರ್ನಲ್ಲಿನಾಗ ಒಂದು ದಶಮಾಂಶದ ಭಾಗಾಕಾರ ಮಾಡೀನಿ. ಪ್ರೋಗ್ರಾಮಿನ ಅರ್ಧ ಲೆಕ್ಕ ಎತ್ತಿಟ್ಟೇ ಇಲ್ಲ. ಗೇಟ್ ಎತ್ತಿದಾಗ ನೀರು ಜೋರ್ ಏರತಾವ, ಗಾಲಿ ಜೋರ್ ತಿರುಗತೈತಿ, ಅದ್ರ ಲೆಕ್ಕ ಕೆಡತೈತಿ."

ಊರಿಗೆಲ್ಲ ಪಾಠ ಹೇಳಿದವರು ತಾವೇ ಎಡವಿದ್ದರು. ನನಗೆ ನಗುವೂ ಬಂತು, ಕನಿಕರವೂ. "ಸರಿ ಮಾಡಿ, ಮಷೀನ್ ರಿಪೇರಿ ಆತು ಅಂದ್ಬಿಡ್ರಿ," ಎಂದೆ.

"ಆಗ ಮರೆಪ್ಪ ಕಳ್ಳ ಆಗೇ ಉಳೀತಾನಲ್ರಿ!" ಎಂದು ನನ್ನ ಮೇಲೆ ಹರಿಹಾಯ್ದರು.

ಸಂಘದ ಆ ಸಭೆಗೆ ನಾನೂ ಹೋಗಿದ್ದೆ. ಮೇಡಂ ಎದ್ದು ನಿಂತು, "ಮರೆಪ್ಪ ಏನೂ ಮಾಡಿಲ್ರಿ. ತಪ್ಪು ನಾ ಬರದದ್ರಾಗ ಐತಿ," ಎಂದರು. ಅಧ್ಯಕ್ಷರು, "ಹಂಗಾದ್ರ ನಿಮ್ಮ ಮಷೀನ್ ನೀವೇ ಒಯ್ರಿ," ಎಂದರು. ಸರಿಮಾಡಿ ತೋರಿಸುತ್ತೇನೆಂದರೂ ಯಾರೂ ಕೇಳಲಿಲ್ಲ. ಮರೆಪ್ಪನ ಕೆಲಸ ಉಳಿಯಿತು. ಆದರೆ ಹೊರಗೆ ಬಂದಾಗ ಅವನು ಮೇಡಂ ಮುಖ ನೋಡದೆ, "ಇದನ್ನ ಮೊದಲೇ ನೋಡಬೇಕಿತ್ತಲ್ರಿ. ನನ್ನ ಮಕ್ಕಳು ಮಂದಿ ಮುಂದ ಮಾರಿ ಎತ್ತದಂಗ ಆಗಿತ್ತು," ಎಂದ.

"ಹೌದಪ್ಪ, ನೋಡಬೇಕಿತ್ತು," ಎಂದರು ಮೇಡಂ. ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಆಮೇಲೆ ಎಷ್ಟು ವರ್ಷ ಕಳೆದರೂ "ಆ ಮರೆಪ್ಪ ನನ್ನ ಮಾಫ್ ಮಾಡ್ಲಿಲ್ರಿ" ಎಂಬ ಮಾತು ಅವರ ಬಾಯಲ್ಲಿ ಬರುತ್ತಲೇ ಇತ್ತು.

ಅವರನ್ನು ಕೊನೆಯ ಸಲ ಕಂಡದ್ದು ಸುರಪುರದ ಅವರ ಮನೆಯಲ್ಲಿ. ಹಾಸಿಗೆ ಹಿಡಿದಿದ್ದರು. ನಾನು ಪಕ್ಕದಲ್ಲಿ ಕೂತಿದ್ದಾಗ ತಲೆ ನೆರೆತವನೊಬ್ಬ ಬಾಗಿಲಲ್ಲಿ ಬಂದು ನಿಂತ. ಮೇಡಂ ತಂಗಿ, "ಯಾರ್ರೀ ನೀವು?" ಎಂದು ಕೇಳಿದರು.

"ಗೇಟಿನ ಮರೆಪ್ಪರಿ," ಎಂದ. ಆಮೇಲೆ ಹಾಸಿಗೆಯ ಕಡೆ ನೋಡಿ, "ಅವತ್ತು ನೀವು ಉಳಿಸಿದ ಗೇಟಿನ ಕೆಲಸದಾಗೇ ಇನ್ನಾ ಅದೀನ್ರಿ ಮೇಡಂ."