ಲಿವರ್ ಎಂದರೆ ಕಾಮಾಲೆ ಮಾತ್ರ ಅಲ್ಲ

ಬೀಡಿ ಕಟ್ಟಲು ಗೆರಸೆಯನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಅದರ ಅಂಚು ಬಲ ಪಕ್ಕೆಯ ಕೆಳಗೆ ಒತ್ತುತ್ತಿತ್ತು. ಗೆರಸೆ ಹಳೆಯದೇ. ಹೊಟ್ಟೆ ಮುಂದೆ ಬಂದಿತ್ತು. ಎರಡು ತುತ್ತು ಉಂಡರೆ ತುಂಬಿದ ಹಾಗೆ.

ಬೋವಿಕಾನದ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, "ಲಿವರಿನದ್ದು ಇರಬೇಕು, ಸ್ಕ್ಯಾನ್ ಮಾಡಿಸಿ" ಎಂದರು.

ನನ್ನ ಗಂಡನ ತಂಗಿ ಸುಂದರಿಗೆ ಆ ಒಂದು ಮಾತೇ ಸಾಕಾಯಿತು. ಅವಳು ಊರಿಗೆಲ್ಲ ಕಾಮಾಲೆಯ ಮದ್ದು ಕೊಡುವವಳು.

"ಸ್ಕ್ಯಾನ್ ಎಂತಕ್ಕೆ ಅತ್ತಿಗೆ? ಲಿವರ್ ಅಂದ್ರೆ ಕಾಮಾಲೆಯೇ."

"ಕಣ್ಣು ಹಳದಿ ಇಲ್ಲವಲ್ಲ ಮಾರಾಯ್ತಿ."

"ಒಳಗೆ ಉಂಟು. ನಿಮಗೆಂತ ಗೊತ್ತು?"

ಗಂಡ ತಂಗಿಯ ಮಾತಿಗೇ ತಲೆಯಾಡಿಸಿದರು. ಉಪ್ಪಿಲ್ಲದ ಗಂಜಿ, ನೆಲನೆಲ್ಲಿಯ ರಸ. ಮೀನು ಇಲ್ಲ, ಎಣ್ಣೆ ಇಲ್ಲ. ಮೈ ಕರಗಿತು, ಹೊಟ್ಟೆ ಮಾತ್ರ ಬೆಳೆಯಿತು. ಆಗ ಅವಳು ಕಬ್ಬಿಣದ ಸರಿಗೆ ಕಾಯಿಸಿ ತಂದಳು. ಗಂಡ ನನ್ನ ಕೈ ಹಿಡಿದುಕೊಂಡರು.

ಮಣಿಕಟ್ಟಿನ ಮೇಲೆ ಬರೆ ಎಳೆದಳು.

ಅದು ಕೀವಾಯಿತು. ಜ್ವರ ಬಂತು. ನೋಡಲು ಬಂದ ಮಗಳು ಶಶಿಕಲಾ ಯಾರನ್ನೂ ಕೇಳದೆ ನನ್ನನ್ನು ಮಂಗಳೂರಿಗೆ ಕರೆದುಕೊಂಡು ಹೋದಳು. ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು.

"ಕಾಮಾಲೆ ಇಲ್ಲವೇ ಇಲ್ಲ ಅಮ್ಮ" ಎಂದರು ಡಾಕ್ಟರು. "ಲಿವರಿನಲ್ಲಿ ನೀರು ತುಂಬಿದ ಚೀಲ, ಸಿಸ್ಟ್. ಕ್ಯಾನ್ಸರ್ ಅಲ್ಲ. ಸಣ್ಣದಾದರೆ ಸುಮ್ಮನೆ ಬಿಡ್ತೇವೆ. ನಿಮ್ಮದು ದೊಡ್ಡದುಂಟು, ಆಪರೇಷನ್ ಬೇಕು. ಆದರೆ ಈ ಕೈ ವಾಸಿಯಾಗದೆ ಮಾಡುವ ಹಾಗಿಲ್ಲ."

ಆ ಚೀಲವನ್ನು ಹೊತ್ತುಕೊಂಡೇ ಕೈ ವಾಸಿಯಾಗಲು ಕಾದೆ. ಒಡೆದರೆ ಎಂತ ಗತಿ ಎಂದು ಕೆಮ್ಮಲೂ ಹೆದರಿಕೆ. ಆ ದಿನಗಳಲ್ಲಿ ನಾನು ದೇವರನ್ನು ನೆನೆದದ್ದು ಕಡಿಮೆ, ಸುಂದರಿಯನ್ನು ನೆನೆದದ್ದು ಹೆಚ್ಚು. ಅವಳಿಗೆ ಎಂತ ಮಾಡಬೇಕು ಎಂದು ಯೋಚಿಸುತ್ತಾ ಮಲಗಿದರೆ ನೋವು ಅಷ್ಟು ಗೊತ್ತಾಗುತ್ತಿರಲಿಲ್ಲ.

ಕೈ ವಾಸಿಯಾದ ಮೇಲೆ ಹೊಟ್ಟೆಗೆ ಸಣ್ಣ ತೂತು ಮಾಡಿ, ನೀರು ತೆಗೆದು, ಚೀಲದ ಮೇಲ್ಭಾಗ ಕತ್ತರಿಸಿದರು.

ಬದುಕಿದೆ.

ಮನೆಗೆ ಬಂದು ಕೇಳಿದರೆ, ತನ್ನ ಮದ್ದಿನಿಂದಲೇ ಅತ್ತಿಗೆ ಉಳಿದದ್ದು ಎಂದು ಸುಂದರಿ ಊರಿಡೀ ಹೇಳಿಕೊಂಡು ಬಂದಿದ್ದಾಳೆ. ಗಂಡನಿಗೆ ಉಪ್ಪಿಲ್ಲದ ಗಂಜಿ ಬಡಿಸಿದೆ. ಅದನ್ನೇ ಉಂಡರು. ಸುಂದರಿಯನ್ನು ಅಷ್ಟಕ್ಕೇ ಬಿಡಲಿಲ್ಲ. ಅವಳ ಮನೆಗೆ ಮದ್ದಿಗೆ ಹೊರಟವರನ್ನು ದಾರಿಯಲ್ಲಿ ನಿಲ್ಲಿಸುತ್ತೇನೆ. ಕೈ, ಹೊಟ್ಟೆ ಎರಡನ್ನೂ ತೋರಿಸುತ್ತೇನೆ. ರಿಕ್ಷಾ ಹತ್ತಿಸಿ ಆಸ್ಪತ್ರೆಗೆ ಕಳಿಸುತ್ತೇನೆ. ಅವಳ ಜಗಲಿ ಈಗ ಖಾಲಿ.

ಮೊನ್ನೆ ಬೇಲಿಯ ಆಚೆಯಿಂದ ಕೇಳಿದಳು, "ಇಷ್ಟು ಹಗೆ ಎಂತಕ್ಕೆ ಅತ್ತಿಗೆ? ನಾನು ಒಳ್ಳೆಯದಕ್ಕೇ ಮಾಡಿದ್ದಲ್ವಾ?"

"ನಾನೂ ಒಳ್ಳೆಯದಕ್ಕೇ ಮಾಡುವುದು" ಎಂದೆ.

ಚೀಲ ಮತ್ತೆ ತುಂಬಿದರೂ ತುಂಬೀತು, ಸ್ಕ್ಯಾನಿಗೆ ಬರುತ್ತಾ ಇರಬೇಕು ಎಂದಿದ್ದಾರೆ. ಹೋಗುತ್ತೇನೆ. ಹಗೆ ಸಾಧಿಸಲಿಕ್ಕೂ ಜೀವ ಬೇಕಲ್ಲ. ಅದನ್ನು ಉಳಿಸಿಕೊಟ್ಟ ಡಾಕ್ಟರಿಗೆ ಒಳ್ಳೆಯದಾಗಲಿ.